ಕಿಡ್ನಿ ಟೆಸ್ಟ್‌ನಲ್ಲಿ ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 77 ಬಂದಿದೆ. ಹೃದಯಕ್ಕೆ ಅಪಾಯ ಅಂತ ಅರ್ಥವಾ?

ಮುಂಜಾವು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ, ಗಂಡಸು. ಸಿಗರೇಟು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಮನೆಯಲ್ಲಿ ನೋಡಿದಾಗಲೆಲ್ಲ 118/76ರ ಆಸುಪಾಸಿನಲ್ಲೇ ಇರುತ್ತದೆ. ಕೆಲವು ವರ್ಷಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ, ಈಚೆಗೆ ಕ್ರಿಯಾಟಿನ್ ಪುಡಿಯನ್ನೂ ಶುರು ಮಾಡಿದ್ದೇನೆ. ಯಾವ ತೊಂದರೆಯೂ ಇರಲಿಲ್ಲ. ಪೂರ್ತಿ ತಪಾಸಣೆ ಒಂದು ಸಲ ಆಗಿಬಿಡಲಿ ಅಂತ ಸುಮ್ನೆ ರಕ್ತ ಕೊಟ್ಟೆ, ಈಗ ರಿಪೋರ್ಟ್ ನೋಡಿ ತಲೆ ಕೆಟ್ಟಿದೆ.

ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 77. ಅದರ ಪಕ್ಕದಲ್ಲೇ 'ಜಿ2, ಸ್ವಲ್ಪ ಕಡಿಮೆ' ಅಂತ ಬರೆದಿದ್ದಾರೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 128. ಉರಿಯೂತ ತೋರಿಸುವ ಎಚ್‌ಎಸ್-ಸಿಆರ್‌ಪಿ 1.4. ಯೂರಿಕ್ ಆಸಿಡ್ 6.8. ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ 16, ಇದನ್ನು ಕೆಂಪು ಬಣ್ಣದಲ್ಲಿ ತೋರಿಸಿದ್ದಾರೆ. ಶುಗರ್, ಲಿವರ್, ಥೈರಾಯ್ಡ್ ಎಲ್ಲ ಸರಿ ಇದೆ.

ಕಿಡ್ನಿ ಕೆಲಸ ಕಡಿಮೆಯಾದವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ಓದಿದ್ದೇನೆ. ನಮ್ಮ ಅಪ್ಪನಿಗೆ 54ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ಅದಕ್ಕೇ ಈ 77 ಅನ್ನೋ ಸಂಖ್ಯೆ ತಲೆಯಿಂದ ಹೋಗುತ್ತಿಲ್ಲ. ನನ್ನ ಕಿಡ್ನಿ ಕಾಲು ಭಾಗ ಹೋಗಿಬಿಟ್ಟಿದೆಯಾ? ಇಷ್ಟೆಲ್ಲ ಮಾರ್ಕರ್‌ಗಳಲ್ಲಿ ಹೃದಯದ ವಿಷಯಕ್ಕೆ ನಿಜವಾಗಿ ಲೆಕ್ಕಕ್ಕೆ ಬರೋದು ಯಾವುದು? ಮುಂದೆ ಯಾವ ಟೆಸ್ಟ್ ಮಾಡಿಸಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಸೀರಮ್ ಉತ್ತರ:

ನಾನು ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ದಿನಾ ಇಂಥ ರಿಪೋರ್ಟ್‌ಗಳನ್ನು ನೋಡುವವನಾಗಿ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನಿಮ್ಮ ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಯಾರೂ ಅಳೆದಿಲ್ಲ. ಅಳೆದಿದ್ದು ಕ್ರಿಯಾಟಿನಿನ್ ಮಾತ್ರ. ಆ ಒಂದು ಸಂಖ್ಯೆ, ನಿಮ್ಮ ವಯಸ್ಸು, ಗಂಡೋ ಹೆಣ್ಣೋ ಅನ್ನೋದು, ಈ ಮೂರನ್ನೂ ಒಂದು ಸೂತ್ರಕ್ಕೆ ಹಾಕಿದಾಗ ಬಂದ ಅಂದಾಜೇ 77. ಇಜಿಎಫ್‌ಆರ್‌ನಲ್ಲಿರುವ ಮೊದಲ ಅಕ್ಷರವೇ ಅಂದಾಜು ಅನ್ನೋದಕ್ಕೆ ನಿಂತಿದೆ. ಅದು ಶೇಕಡಾವಾರೂ ಅಲ್ಲ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಅನ್ನೋದನ್ನು 1.73 ಚದರ ಮೀಟರ್ ಮೈ ಅಳತೆಗೆ ಹೊಂದಿಸಿ ಹೇಳುವ ಲೆಕ್ಕ. ಹಾಗಾಗಿ ಕಾಲು ಭಾಗ ಹೋಯಿತು ಅನ್ನೋದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ಸೂತ್ರ ಎಷ್ಟು ಸೂಕ್ಷ್ಮ ಅಂತ ನೋಡಿ. 2021ರ ಸಿಕೆಡಿ-ಎಪಿ ಸೂತ್ರದಲ್ಲಿ 42 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.0 ಇದ್ದರೆ 96 ಬರುತ್ತದೆ. 1.1 ಇದ್ದರೆ 86. 1.2 ಇದ್ದರೆ 77. ಅಂದರೆ 0.1 ಏರಿದರೆ ಸುಮಾರು ಹತ್ತು ಅಂಕ ಇಳಿಯುತ್ತದೆ. ಇನ್ನೊಂದು ಕಡೆ, ಆರೋಗ್ಯವಾಗಿರುವ ಒಬ್ಬರದೇ ರಕ್ತವನ್ನು ಬೇರೆ ಬೇರೆ ದಿನ ತೆಗೆದರೂ ಕ್ರಿಯಾಟಿನಿನ್ ನಾಲ್ಕೈದು ಶೇಕಡಾ ಆಚೀಚೆ ಆಗುತ್ತದೆ. ಯಂತ್ರದ ವ್ಯತ್ಯಾಸ ಅದರ ಮೇಲೆ. ಎರಡು ರಿಪೋರ್ಟ್‌ಗಳ ನಡುವೆ ಹತ್ತು ಹನ್ನೆರಡು ಶೇಕಡಾ ವ್ಯತ್ಯಾಸ ಬಂದರೆ ಕಿಡ್ನಿಯಲ್ಲಿ ಏನೂ ಬದಲಾಗದೆ ಇರುವ ಸಾಧ್ಯತೆಯೇ ಜಾಸ್ತಿ.

ಇನ್ನು ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ? ಸ್ನಾಯುವಿನಿಂದ. ಸ್ನಾಯುವಿನಲ್ಲಿರುವ ಕ್ರಿಯಾಟಿನ್ ದಿನಾ ಸ್ವಲ್ಪ ಸ್ವಲ್ಪ ಕ್ರಿಯಾಟಿನಿನ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಸ್ನಾಯು ಜಾಸ್ತಿ ಇರುವವರಲ್ಲಿ ಸಹಜವಾಗಿಯೇ ಜಾಸ್ತಿ ತಯಾರಾಗುತ್ತದೆ. ನೀವು ಪುಡಿಯನ್ನೂ ತಿನ್ನುತ್ತಿದ್ದೀರಿ, ಅದೂ ಸೇರಿಕೊಂಡಿತು. ಹಿಂದಿನ ದಿನ ಮೈ ಮುರಿಯುವಷ್ಟು ವ್ಯಾಯಾಮ ಮಾಡಿದರೆ ಅಥವಾ ರಕ್ತ ಕೊಡುವ ಮೊದಲು ಬೇಯಿಸಿದ ಮಾಂಸ ಚೆನ್ನಾಗಿ ತಿಂದಿದ್ದರೆ ಅದೂ ಏರಿಸುತ್ತದೆ. ಟ್ರೈಮೆಥೋಪ್ರಿಮ್, ಸಿಮೆಟಿಡೀನ್‌ನಂಥ ಕೆಲವು ಔಷಧಿಗಳು ಸೋಸುವ ಕೆಲಸಕ್ಕೆ ಏನೂ ಮಾಡದೆಯೇ ಕ್ರಿಯಾಟಿನಿನ್ ಮೂತ್ರಕ್ಕೆ ಇಳಿಯೋದನ್ನು ತಡೆಯುತ್ತವೆ, ಆಗಲೂ ರಿಪೋರ್ಟ್ ಕೆಟ್ಟದಾಗಿ ಕಾಣುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಪುಡಿಯನ್ನು ಕೆಲವು ವಾರ ನಿಲ್ಲಿಸಿ, ಟೆಸ್ಟ್‌ಗೆ ಎರಡು ದಿನ ಮುಂಚೆಯಿಂದ ಭಾರಿ ವ್ಯಾಯಾಮ ಬಿಟ್ಟು, ಅದೇ ಲ್ಯಾಬ್‌ನಲ್ಲಿ ಮತ್ತೆ ಕ್ರಿಯಾಟಿನಿನ್ ನೋಡಿಸುತ್ತಿದ್ದೆ. ಜೊತೆಗೆ ಸಿಸ್ಟಾಟಿನ್ ಸಿ. ಇದು ಮೈಯಲ್ಲಿ ಕೋಶಕೇಂದ್ರ ಇರುವ ಎಲ್ಲ ಜೀವಕೋಶಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಯಾರಿಸುವ ಸಣ್ಣ ಪ್ರೋಟೀನು, ಸ್ನಾಯುವಿನ ಗಾತ್ರದ ಹಂಗು ಇದಕ್ಕೆ ಅಷ್ಟಾಗಿ ಇಲ್ಲ. ಹಾಗಂತ ಇದೂ ಪೂರ್ತಿ ಶುದ್ಧ ಅಲ್ಲ. ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಔಷಧಿ, ಸಿಗರೇಟು, ಬೊಜ್ಜು, ಉರಿಯೂತ ಇವೆಲ್ಲ ಇದನ್ನು ಅಲುಗಾಡಿಸುತ್ತವೆ. ಅದಕ್ಕೇ ಕಿಡ್ನಿ ವೈದ್ಯರ ಜಾಗತಿಕ ಮಾರ್ಗಸೂಚಿ, ಕೆಡಿಗೊ 2024, ಎರಡನ್ನೂ ಸೇರಿಸಿ ಲೆಕ್ಕ ಹಾಕೋದು ಹೆಚ್ಚು ನಿಖರ ಅನ್ನುತ್ತದೆ.

ಮೂರನೆಯದು ಮೂತ್ರದ ಎಸಿಆರ್, ಅಂದರೆ ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನು ಮತ್ತು ಕ್ರಿಯಾಟಿನಿನ್ ಅನುಪಾತ. ಇದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಇಷ್ಟೆಲ್ಲ ರಕ್ತದ ಟೆಸ್ಟ್ ಮಾಡಿದವರು ಒಂದು ಲೋಟ ಮೂತ್ರ ಕೇಳಲಿಲ್ಲ ಅನ್ನೋದು ನನಗೆ ನಿಜವಾಗಲೂ ಬೇಜಾರಿನ ವಿಷಯ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಕೊಡಿ. ಜ್ವರ, ಮೂತ್ರದ ಸೋಂಕು ಇರುವಾಗ, ಜೋರು ವ್ಯಾಯಾಮದ ಮರುದಿನ ಬೇಡ.

ಜಿ2 ಬಗ್ಗೆ ಕೂಡ: ಇಜಿಎಫ್‌ಆರ್ 60ರಿಂದ 89 ಇದ್ದರೆ ಆ ಹೆಸರು. ಬರೀ ಜಿ2 ಇದ್ದರೆ ಅದು ಕಿಡ್ನಿ ಕಾಯಿಲೆ ಅಲ್ಲ. ಮೂತ್ರದಲ್ಲಿ ಅಲ್ಬುಮಿನ್ ಅಥವಾ ಕಿಡ್ನಿ ಕೆಟ್ಟಿರುವ ಬೇರೆ ಯಾವುದಾದರೂ ಗುರುತು ಇರಬೇಕು, ಇಲ್ಲವಾದರೆ ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಹೋಗಬೇಕು. ಅದೂ ಕನಿಷ್ಠ ಮೂರು ತಿಂಗಳು ಹಾಗೇ ಉಳಿಯಬೇಕು. ಆಗ ಮಾತ್ರ ಕಾಯಿಲೆ ಅಂತ ಕರೆಯುತ್ತಾರೆ.

ಎಣಿಕೆ ಉತ್ತರ:

ಸೀರಮ್ ಅವರು ಲ್ಯಾಬ್ ಕಡೆಯದನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಅಪಾಯದ ಲೆಕ್ಕದ ಬಗ್ಗೆ ಹೇಳುತ್ತೇನೆ, ನನ್ನ ಕೆಲಸವೇ ಆರೋಗ್ಯದ ಅಂಕಿಅಂಶ.

ಕಿಡ್ನಿ ಕಡಿಮೆಯಾದರೆ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ನೀವು ಓದಿದ್ದು ಸುಳ್ಳಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ ಮಾಡಿದ ದೊಡ್ಡ ಅಧ್ಯಯನ ಬಂತು. ಇಜಿಎಫ್‌ಆರ್ 60 ಅಥವಾ ಅದಕ್ಕಿಂತ ಮೇಲೆ ಇದ್ದವರಿಗೆ ಹೋಲಿಸಿದರೆ 45ರಿಂದ 59 ಇದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಘಟನೆಗಳು 1.4 ಪಟ್ಟು, 30ರಿಂದ 44 ಇದ್ದವರಲ್ಲಿ 2 ಪಟ್ಟು, 15ರಿಂದ 29 ಇದ್ದವರಲ್ಲಿ 2.8 ಪಟ್ಟು. ಮೆಟ್ಟಿಲು ಇಳಿದ ಹಾಗೆಲ್ಲ ಅಪಾಯ ಏರುತ್ತದೆ. ಆದರೆ ಹೋಲಿಕೆಗೆ ಇಟ್ಟುಕೊಂಡ ಗುಂಪು ಯಾವುದು ನೋಡಿ: 60 ಮತ್ತು ಅದಕ್ಕಿಂತ ಮೇಲಿನವರೆಲ್ಲ. ನಿಮ್ಮ 77 ಆ ಗುಂಪಿನಲ್ಲೇ ಇದೆ.

ಹಾಗಾದರೆ 60ರ ಮೇಲೆ ಏನಾಗುತ್ತದೆ? ಅದಕ್ಕೆ ಉತ್ತರ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿದೆ. ಸಾಮಾನ್ಯ ಜನರ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ್ದರು. ಇಜಿಎಫ್‌ಆರ್ 75ರಿಂದ 105ರವರೆಗೆ ಸಾವಿನ ಅಪಾಯದ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿದೆ. 95 ಇರುವವರಿಗೆ ಹೋಲಿಸಿದರೆ 60 ಇರುವವರಲ್ಲಿ 1.18 ಪಟ್ಟು, 45 ಇರುವವರಲ್ಲಿ 1.57 ಪಟ್ಟು. ಅಂದರೆ 77 ಮತ್ತು 95ರ ನಡುವೆ ನಿದ್ದೆ ಕೆಡಿಸುವಂಥ ವ್ಯತ್ಯಾಸ ಇಲ್ಲ.

ಅದೇ ವಿಶ್ಲೇಷಣೆಯಲ್ಲಿ ಮೂತ್ರದ ಅಲ್ಬುಮಿನ್ ಕಥೆ ಬೇರೆ. ಅಲ್ಲಿ ಮಟ್ಟಸ ಜಾಗವೇ ಇಲ್ಲ. ಎಸಿಆರ್ 5 ಇರುವವರಿಗೆ ಹೋಲಿಸಿದರೆ 10 ಇರುವವರಲ್ಲಿ ಸಾವಿನ ಅಪಾಯ 1.20 ಪಟ್ಟು, 30 ಇರುವವರಲ್ಲಿ 1.63 ಪಟ್ಟು, 300 ಇರುವವರಲ್ಲಿ 2.22 ಪಟ್ಟು. ಇಲ್ಲಿ ಅಳತೆ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಅಂತ. 30ರ ಕೆಳಗೆ ಇದ್ದರೆ ಲ್ಯಾಬ್ 'ನಾರ್ಮಲ್' ಅನ್ನುತ್ತದೆ, ಆದರೆ ಅಪಾಯ 10ರಲ್ಲೇ ಏರಲು ಶುರು ಮಾಡಿರುತ್ತದೆ. ಕಿಡ್ನಿ ಮತ್ತು ಹೃದಯ ಎರಡರ ಬಗ್ಗೆಯೂ ಬೇಗ ಮಾತಾಡುವ ಮಾರ್ಕರ್ ಇದು, ಆದರೂ ಜನ ಕೇಳಿ ಮಾಡಿಸಿಕೊಳ್ಳೋದು ಕಡಿಮೆ.

ಇನ್ನೊಂದು ವಿಷಯ. 'ಇಷ್ಟು ಪಟ್ಟು' ಅನ್ನೋ ಮಾತು ಕೇಳಿದಾಗ ಯಾವುದರ ಇಷ್ಟು ಪಟ್ಟು ಅಂತ ಕೇಳಿಕೊಳ್ಳಿ. ಒಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ, ನಿಮ್ಮಂಥ ಸಾವಿರ ಜನರಲ್ಲಿ ಹತ್ತು ವರ್ಷದಲ್ಲಿ 20 ಜನರಿಗೆ ಹೃದಯದ ತೊಂದರೆ ಬರುತ್ತದೆ ಅಂತ. 1.2 ಪಟ್ಟು ಅಂದರೆ 24 ಜನ. 976 ಜನರಿಗೆ ಆಗಲೂ ಏನೂ ಆಗಿರುವುದಿಲ್ಲ. ಅದೇ 65 ವರ್ಷ ದಾಟಿದ, ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವ ಸಾವಿರ ಜನರಲ್ಲಿ ಮೂಲ ಸಂಖ್ಯೆ 200 ಆಗಿದ್ದರೆ ಅದೇ 1.2 ಪಟ್ಟು ಅಂದರೆ 40 ಜನ ಹೆಚ್ಚು. ಪಟ್ಟು ಒಂದೇ, ಪರಿಣಾಮ ಬೇರೆ.

ಕೊನೆಗೆ, ಮಾರ್ಕರ್‌ಗಳನ್ನು ಗುಡ್ಡೆ ಹಾಕೋದರ ಬಗ್ಗೆ. ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1948ರಿಂದ ನಡೆಯುತ್ತಿರುವುದು, ಹೃದಯದ ರಿಸ್ಕ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅಲ್ಲಿಂದಲೇ ಬಂದದ್ದು. ಅಲ್ಲಿನ 3,209 ಜನರಲ್ಲಿ ಹತ್ತು ಮಾರ್ಕರ್‌ಗಳನ್ನು ಅಳೆದು, ಮುಂದೆ ಯಾರಿಗೆ ಏನಾಯಿತು ಅಂತ ನೋಡಿ 2006ರಲ್ಲಿ ಪ್ರಕಟಿಸಿದರು. ಸಿಆರ್‌ಪಿ, ಬಿಎನ್‌ಪಿ (ಹೃದಯದ ಮೇಲೆ ಒತ್ತಡ ಬಿದ್ದಾಗ ಅದು ಬಿಡುವ ಹಾರ್ಮೋನು), ಹೋಮೋಸಿಸ್ಟೀನ್, ಫೈಬ್ರಿನೋಜನ್, ಡಿ-ಡೈಮರ್, ರೆನಿನ್ ಎಲ್ಲ ಇತ್ತು. ಹೃದಯದ ಘಟನೆಗಳನ್ನು ಹೇಳುವುದರಲ್ಲಿ ಮುಂದೆ ಬಂದದ್ದು ಎರಡೇ, ಬಿಎನ್‌ಪಿ ಮತ್ತು ಮೂತ್ರದ ಎಸಿಆರ್. ಅವನ್ನು ಸೇರಿಸಿದ ಮೇಲೂ ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಸಕ್ಕರೆ ಕಾಯಿಲೆ ಇಷ್ಟರಿಂದ ಮಾಡಿದ ಅಂದಾಜು ಸುಧಾರಿಸಿದ್ದು ತೀರಾ ಸ್ವಲ್ಪ. ಅಪಾಯ ಇರುವವರನ್ನೂ ಇಲ್ಲದವರನ್ನೂ ಬೇರ್ಪಡಿಸುವ ಸಿ-ಅಂಕ 0.76 ಇದ್ದದ್ದು 0.77 ಆಯಿತು, ಅಷ್ಟೇ.

ಮಲ್ಲೆಬಳ್ಳಿ ಉತ್ತರ:

ಮೇಲಿನವರಿಬ್ಬರೂ ಸಮಾಧಾನ ಹೇಳಿದ್ದಾರೆ, ಒಳ್ಳೆಯದೇ. ಆದರೆ ಇದನ್ನು ಓದುವ ಬೇರೆಯವರಿಗೆ ಒಂದು ವಿಷಯ ಹೇಳಲೇಬೇಕು, ಕ್ರಿಯಾಟಿನಿನ್ ಇನ್ನೊಂದು ದಿಕ್ಕಿನಲ್ಲೂ ದಾರಿ ತಪ್ಪಿಸುತ್ತದೆ.

ನಮ್ಮ ಅಮ್ಮನಿಗೆ 70. ತುಂಬಾ ತೆಳ್ಳಗೆ, ಕಾಲು ಮುರಿದ ಮೇಲೆ ಓಡಾಟ ಕಡಿಮೆಯಾಗಿ ಇನ್ನಷ್ಟು ಸೊರಗಿದರು. ಕ್ರಿಯಾಟಿನಿನ್ 0.7, ಇಜಿಎಫ್‌ಆರ್ 93. ರಿಪೋರ್ಟ್ ನೋಡಿದವರೆಲ್ಲ ಕಿಡ್ನಿ ಚಿನ್ನದ ಹಾಗಿದೆ ಅಂದರು. ಕಾಲು ಊದುತ್ತಿತ್ತು, ಬಿಪಿ ಹತೋಟಿಗೆ ಬರುತ್ತಿರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಸಿಸ್ಟಾಟಿನ್ ಸಿ ಬರೆದುಕೊಟ್ಟರು. 1.2 ಬಂತು, ಅದರ ಪ್ರಕಾರ ಇಜಿಎಫ್‌ಆರ್ 55. ಎರಡೂ ಸೇರಿಸಿದ ಸೂತ್ರದಲ್ಲಿ 72. ಮೂತ್ರದ ಎಸಿಆರ್ 80 ದಾಟಿತ್ತು, ಮತ್ತೆ ನೋಡಿದಾಗಲೂ ಹಾಗೇ ಇತ್ತು. ಸ್ನಾಯುವೇ ಇಲ್ಲದ ಮೈಯಲ್ಲಿ ಕ್ರಿಯಾಟಿನಿನ್ ತಯಾರಾಗೋದೇ ಕಡಿಮೆ, ಹಾಗಿರುವಾಗ ರಕ್ತದಲ್ಲಿ ಜಾಸ್ತಿ ಕಾಣೋದು ಹೇಗೆ ಅಲ್ವಾ?

ಆಮೇಲೆ ಅವರ ಔಷಧಿಗಳ ಡೋಸ್ ಎಲ್ಲ ಮತ್ತೆ ಲೆಕ್ಕ ಹಾಕಿದರು, ಮೂತ್ರದಲ್ಲಿ ಅಲ್ಬುಮಿನ್ ಸೋರೋದನ್ನೂ ಕಡಿಮೆ ಮಾಡುವ ಬಿಪಿ ಮಾತ್ರೆಗೆ ಬದಲಾಯಿಸಿದರು. ಹೃದಯದ ಎಕೋ ಕೂಡ ಆಯಿತು. ನಿಮ್ಮ ಮನೆಯಲ್ಲಿ ವಯಸ್ಸಾದವರು, ತೂಕ ಇಳಿದವರು, ಬಹಳ ದಿನ ಹಾಸಿಗೆ ಹಿಡಿದವರು ಇದ್ದರೆ ಬರೀ ಕ್ರಿಯಾಟಿನಿನ್ ನೋಡಿ ನೆಮ್ಮದಿಯಾಗಿ ಕೂರಬೇಡಿ. 2005ರಲ್ಲೇ ವಯಸ್ಸಾದವರ ಮೇಲಿನ ದೊಡ್ಡ ಅಧ್ಯಯನವೊಂದು, ಸಾವು ಮತ್ತು ಹೃದಯದ ಅಪಾಯವನ್ನು ಕ್ರಿಯಾಟಿನಿನ್‌ಗಿಂತ ಸಿಸ್ಟಾಟಿನ್ ಸಿ ಚೆನ್ನಾಗಿ ಹೇಳುತ್ತದೆ ಅಂತ ತೋರಿಸಿದೆ.

ಹೊಸಗಾಳಿ ಉತ್ತರ:

ಒಂದು ಮಾತು ಕೇಳುತ್ತೇನೆ. ಎಲ್ಲ ಮಾರ್ಕರ್‌ಗಳನ್ನೂ ಒಂದೇ ಸಲ ಮಾಡಿಸಿಬಿಟ್ಟರೆ ನಷ್ಟ ಏನು? ರಕ್ತ ಹೇಗೂ ತೆಗೆದಿರುತ್ತಾರೆ. ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಪ್ರೋಟೀನು), ಬಿಎನ್‌ಪಿ, ಫೈಬ್ರಿನೋಜನ್, ಇನ್ನೂ ಏನೇನಿದೆಯೋ ಎಲ್ಲ ನೋಡಿದರೆ ಯಾವುದೋ ಒಂದರಲ್ಲಿ ಮುಂಚೆಯೇ ಸುಳಿವು ಸಿಗಬಹುದು. ತಿಳಿದಿರೋದು ತಿಳಿಯದೆ ಇರೋದಕ್ಕಿಂತ ವಾಸಿ ಅಲ್ವಾ?

ಎಣಿಕೆ ಉತ್ತರ:

ಹೊಸಗಾಳಿ ಅವರೇ, ತಿಳಿಯೋದು ಒಳ್ಳೆಯದೇ. ಆದರೆ ಲ್ಯಾಬ್‌ನ ನಾರ್ಮಲ್ ಮಿತಿ ಹೇಗೆ ಹಾಕುತ್ತಾರೆ ಅನ್ನೋದನ್ನು ಮೊದಲು ನೋಡಿ. ಹೆಚ್ಚಿನ ಟೆಸ್ಟ್‌ಗಳಲ್ಲಿ ಆರೋಗ್ಯವಾಗಿರುವ ಜನರನ್ನು ತೆಗೆದುಕೊಂಡು, ಅವರಲ್ಲಿ ನಡುವಿನ 95 ಶೇಕಡಾ ಎಲ್ಲಿ ಬರುತ್ತಾರೋ ಅದನ್ನೇ ನಾರ್ಮಲ್ ಅನ್ನುತ್ತಾರೆ. ಅಂದರೆ ಪೂರ್ತಿ ಆರೋಗ್ಯವಾಗಿರುವ ನೂರರಲ್ಲಿ ಐವರು ಪ್ರತಿಯೊಂದು ಟೆಸ್ಟ್‌ನಲ್ಲೂ ಮಿತಿಯ ಹೊರಗೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದರೆ ಯಾವುದಾದರೂ ಒಂದಾದರೂ ಕೆಂಪಾಗುವ ಸಾಧ್ಯತೆ 64 ಶೇಕಡಾ. ಏನೂ ಕಾಯಿಲೆ ಇಲ್ಲದವನಿಗೆ!

ಆ ಕೆಂಪಿನ ಹಿಂದೆ ಮತ್ತೊಂದು ಟೆಸ್ಟ್, ಅದರ ಹಿಂದೆ ಸ್ಕ್ಯಾನ್, ಅದರಲ್ಲಿ ಇನ್ನೇನೋ ಕಂಡು ಮತ್ತೊಂದು. ನಡುವೆ ತಿಂಗಳುಗಟ್ಟಲೆ ಹೆದರಿಕೆ. ಟೆಸ್ಟ್ ಮಾಡಿಸುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದು ಜಾಸ್ತಿ ಬಂದರೆ ನಾನು ಬೇರೆ ಏನು ಮಾಡುತ್ತೇನೆ, ಕಡಿಮೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಒಂದೇ ಉತ್ತರ ಆದರೆ ಆ ಟೆಸ್ಟ್ ಬೇಡ. ಬಿಎನ್‌ಪಿ, ಟ್ರೋಪೋನಿನ್ ಒಳ್ಳೆಯ ಮಾರ್ಕರ್‌ಗಳೇ, ಉಸಿರು ಕಟ್ಟುವವರಲ್ಲಿ, ಎದೆ ನೋವಿನವರಲ್ಲಿ ಅವು ಜೀವ ಉಳಿಸುತ್ತವೆ. ಕಿಡ್ನಿ ಕಡಿಮೆ ಇದ್ದರೆ ಎರಡೂ ಏರುತ್ತವೆ, ಬೊಜ್ಜು ಇದ್ದರೆ ಬಿಎನ್‌ಪಿ ಇಳಿಯುತ್ತದೆ. ಹಾಗಾಗಿ ಯಾವ ತೊಂದರೆಯೂ ಇಲ್ಲದ 42ರವರು ಅವನ್ನು ಕೈಯಲ್ಲಿ ಹಿಡಿದು ಕೂತರೆ ಅರ್ಥ ಮಾಡಿಕೊಳ್ಳೋದೇ ಕಷ್ಟ.

ಮುಂಜಾವು:

ಎಲ್ಲರಿಗೂ ತುಂಬಾ ಧನ್ಯವಾದಗಳು. ಸೀರಮ್ ಅವರು ಹೇಳಿದ ಹಾಗೆ ಪುಡಿ ನಿಲ್ಲಿಸಿ, ಜಿಮ್‌ಗೆ ಬಿಡುವು ಕೊಟ್ಟು ಮತ್ತೆ ಮಾಡಿಸಿದೆ. ಕ್ರಿಯಾಟಿನಿನ್ 1.1, ಅಂದರೆ 86. ಸಿಸ್ಟಾಟಿನ್ ಸಿ 0.90, ಅದರ ಪ್ರಕಾರ 96. ಮೂತ್ರದ ಎಸಿಆರ್ 6. ಮನಸ್ಸು ಹಗುರಾಯಿತು.

ಇನ್ನೂ ಎರಡು ಉಳಿದಿವೆ. ಹೋಮೋಸಿಸ್ಟೀನ್ 16ಕ್ಕೆ ವಿಟಮಿನ್ ಮಾತ್ರೆ ತಿನ್ನಲಾ, ಯೂರಿಕ್ ಆಸಿಡ್ ಇಳಿಸಲಾ? ಮತ್ತೆ ಕಿಡ್ನಿಗೂ ಹೃದಯಕ್ಕೂ ಯಾಕೆ ಇಷ್ಟೊಂದು ನಂಟು ಅನ್ನೋದೇ ನನಗೆ ಅರ್ಥವಾಗಿಲ್ಲ. ಒಂದು ಸೋಸುತ್ತದೆ, ಇನ್ನೊಂದು ಪಂಪ್ ಮಾಡುತ್ತದೆ. ಅಪ್ಪನ ವಿಷಯವನ್ನು ಯಾರೂ ಮುಟ್ಟಲಿಲ್ಲ, ಅದನ್ನೂ ಯಾರಾದರೂ ಹೇಳಿದರೆ ಒಳ್ಳೆಯದಿತ್ತು.

ವಾರ್ಡ್‌ರೌಂಡ್ ಉತ್ತರ:

ನಾನು ಫಿಸಿಷಿಯನ್. ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ನಂಟಿನ ವಿಷಯ.

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನೇರ ಕಿಡ್ನಿಗೆ ಹೋಗುತ್ತದೆ. ಅಲ್ಲಿ ದಿನಕ್ಕೆ 180 ಲೀಟರ್‌ನಷ್ಟು ಸೋಸಲ್ಪಡುತ್ತದೆ, ಬಹುತೇಕ ಎಲ್ಲ ಮತ್ತೆ ರಕ್ತಕ್ಕೇ ವಾಪಸು. ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷ ಸೋಸುವ ಘಟಕಗಳಿವೆ, ಪ್ರತಿಯೊಂದರ ತುದಿಯಲ್ಲೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲು. ಅಂದರೆ ಕಿಡ್ನಿ ಅನ್ನೋದೇ ರಕ್ತನಾಳಗಳ ದೊಡ್ಡ ಕಂತೆ. ಬಿಪಿ, ಸಕ್ಕರೆ, ಸಿಗರೇಟು ಹೃದಯದ ನಾಳಕ್ಕೆ ಏನು ಮಾಡುತ್ತವೋ ಇಲ್ಲೂ ಅದನ್ನೇ ಮಾಡುತ್ತವೆ. ನಾಳದ ಒಳಪದರ ಹಾಳಾದಾಗ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ, ಅದಕ್ಕೇ ಎಸಿಆರ್ ಏರಿದರೆ ಇಡೀ ಮೈಯ ರಕ್ತನಾಳಗಳ ಬಗ್ಗೆ ಯೋಚಿಸುತ್ತೇವೆ. ಈ ವಿಚಾರವನ್ನು ಡೆನ್ಮಾರ್ಕ್‌ನ ವೈದ್ಯರು 1989ರಲ್ಲೇ ಮುಂದಿಟ್ಟಿದ್ದರು.

ಇದು ಒಂದು ದಾರಿ, ಎರಡಕ್ಕೂ ಒಂದೇ ಕಾರಣ ಅನ್ನೋದು. ಇನ್ನೊಂದು ದಾರಿಯಲ್ಲಿ ಕಿಡ್ನಿ ತಾನೇ ಹೃದಯವನ್ನು ಕೆಡಿಸುತ್ತದೆ. ಸೋಸುವ ಶಕ್ತಿ ಚೆನ್ನಾಗಿ ಇಳಿದ ಮೇಲೆ ಉಪ್ಪು ನೀರು ಮೈಯಲ್ಲಿ ಉಳಿದು ಬಿಪಿ ಏರುತ್ತದೆ. ರೆನಿನ್, ಆಂಜಿಯೋಟೆನ್ಸಿನ್ ಹಾರ್ಮೋನುಗಳು ಅಗತ್ಯಕ್ಕಿಂತ ಜೋರಾಗುತ್ತವೆ. ರಂಜಕ ಹೊರಗೆ ಹಾಕಲು ಎಫ್‌ಜಿಎಫ್-23 ಅನ್ನುವ ಹಾರ್ಮೋನು ಏರುತ್ತದೆ, ಅದು ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುವುದರ ಜೊತೆ ಸೇರಿಕೊಂಡಿದೆ. ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕೂರುತ್ತದೆ, ರಕ್ತಹೀನತೆ ಬರುತ್ತದೆ. ಇದೆಲ್ಲ ಕಿಡ್ನಿ ಕಾಯಿಲೆ ಇರುವವರ ವಿಷಯ, ನಿಮ್ಮದಲ್ಲ. ಆದರೆ ಈ ನಂಟು ಎಷ್ಟು ಗಟ್ಟಿ ಅಂದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ತಂದ ಪ್ರಿವೆಂಟ್ ಅನ್ನುವ ಹೊಸ ರಿಸ್ಕ್ ಸೂತ್ರದಲ್ಲಿ ಇಜಿಎಫ್‌ಆರ್ ಮೂಲ ಲೆಕ್ಕದೊಳಗೇ ಸೇರಿದೆ, ಎಸಿಆರ್ ಇದ್ದರೆ ಅದನ್ನೂ ಹಾಕಬಹುದು. 30ರಿಂದ 79 ವರ್ಷದವರಿಗೆ ಹತ್ತು ವರ್ಷದ ಅಪಾಯ ಹೇಳುತ್ತದೆ, 59ರ ಒಳಗಿನವರಿಗೆ ಮೂವತ್ತು ವರ್ಷದ್ದೂ ಹೇಳುತ್ತದೆ. ಹೃದಯ ವೈಫಲ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಈಗ ಹೋಮೋಸಿಸ್ಟೀನ್. ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆ ಜಾಸ್ತಿ ಅನ್ನೋದು ನಿಜ. ಅದನ್ನು ಇಳಿಸಿದರೆ ಕಾಯಿಲೆ ಇಳಿಯುತ್ತದೆ ಅಂತ ನಾವೆಲ್ಲ ಆಸೆ ಇಟ್ಟುಕೊಂಡಿದ್ದೆವು. 2006ರಲ್ಲಿ ಹೋಪ್-2 ಅನ್ನುವ ಪ್ರಯೋಗದಲ್ಲಿ 5,500ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಫೋಲಿಕ್ ಆಸಿಡ್, ಬಿ6, ಬಿ12 ಕೊಟ್ಟರು. ಹೋಮೋಸಿಸ್ಟೀನ್ ಇಳಿಯಿತು, ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ಹಾಗಾಗಿ ಹೃದಯಕ್ಕಾಗಿ ಮಾತ್ರೆ ಬೇಡ. ಬಿ12 ಕಡಿಮೆ ಇದ್ದರೂ ಇದು ಏರುತ್ತದೆ, ಆದ್ದರಿಂದ ಬಿ12 ಒಂದು ನೋಡಿಸಿ, ಕಡಿಮೆ ಇದ್ದರೆ ನರಗಳ ಮತ್ತು ರಕ್ತದ ಸಲುವಾಗಿ ಅದನ್ನು ಸರಿಮಾಡಲೇಬೇಕು. ಯೂರಿಕ್ ಆಸಿಡ್‌ದೂ ಅದೇ ಕಥೆ. 2022ರ ಆಲ್-ಹಾರ್ಟ್ ಪ್ರಯೋಗದಲ್ಲಿ ಹೃದಯ ಕಾಯಿಲೆ ಇದ್ದು ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು) ಇಲ್ಲದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಕೊಟ್ಟು ನೋಡಿದರು, ಹೃದಯಕ್ಕೆ ಲಾಭ ಸಿಗಲಿಲ್ಲ. ಕೀಲು ನೋವು, ಕಲ್ಲು ಏನೂ ಇಲ್ಲದೆ 6.8ಕ್ಕೆ ಮಾತ್ರೆ ಅಗತ್ಯವಿಲ್ಲ. ಸಿಆರ್‌ಪಿ 1.4 ಕೂಡ ಮಧ್ಯಮ, ನೆಗಡಿ ಬಂದರೂ ಅದು ಏರುತ್ತದೆ.

ಒಂದು ಮಾರ್ಕರ್ ಅಪಾಯದ ಜೊತೆಯಲ್ಲಿ ನಡೆಯೋದು ಬೇರೆ, ಅಪಾಯವನ್ನು ಉಂಟುಮಾಡೋದು ಬೇರೆ. ಎಲ್‌ಡಿಎಲ್ ಎರಡನೆಯ ಜಾತಿ. ಇಳಿಸಿದರೆ ಹಾರ್ಟ್ ಅಟ್ಯಾಕ್ ಇಳಿಯುತ್ತದೆ ಅಂತ ಮತ್ತೆ ಮತ್ತೆ ಸಾಬೀತಾಗಿದೆ. ಬಿಪಿಯೂ ಹಾಗೇ. ನಿಮ್ಮ ರಿಪೋರ್ಟ್‌ನಲ್ಲಿ ನನ್ನ ಕಣ್ಣು ನಿಂತಿದ್ದು 77ರ ಮೇಲಲ್ಲ, 128ರ ಮೇಲೆ. ಲ್ಯಾಬ್ ಅದಕ್ಕೆ ಕೆಂಪು ಬಣ್ಣ ಹಾಕಿರಲಿಕ್ಕಿಲ್ಲ. ಆದರೆ ಅಪ್ಪನಿಗೆ 54ಕ್ಕೆ ಹಾರ್ಟ್ ಅಟ್ಯಾಕ್. ಗಂಡಸರಲ್ಲಿ 55ರ ಒಳಗೆ ಬಂದರೆ ಅದನ್ನು ಅಕಾಲಿಕ ಅನ್ನುತ್ತೇವೆ, ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಇದನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲೇ ಇಟ್ಟಿದೆ. ಅದೇ ಪಟ್ಟಿಯಲ್ಲಿ ಕಿಡ್ನಿಯೂ ಇದೆ, ಆದರೆ ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಇದ್ದಾಗ.

ಆದ್ದರಿಂದ ಎರಡು ರಕ್ತದ ಟೆಸ್ಟ್ ಮಾಡಿಸಿ, ಇವುಗಳಿಂದ ನಿರ್ಧಾರ ಬದಲಾಗುತ್ತದೆ. ಒಂದು ಲೈಪೋಪ್ರೋಟೀನ್-ಎ, ಎಲ್‌ಡಿಎಲ್ ತರಹದ್ದೇ ಕೊಬ್ಬಿನ ಕಣ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಗುರುತಿಸಿದ್ದು. ಬಹುಪಾಲು ವಂಶದಿಂದಲೇ ಬರುತ್ತದೆ, ಊಟ ವ್ಯಾಯಾಮದಿಂದ ಅಷ್ಟಾಗಿ ಬದಲಾಗುವುದಿಲ್ಲ, ಹಾಗಾಗಿ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ಜಗತ್ತಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇದು ಒಂದು ಡೆಸಿಲೀಟರ್‌ಗೆ 50 ಮಿಲಿಗ್ರಾಂಗಿಂತ ಜಾಸ್ತಿ. ಅಪ್ಪನ ಹಾರ್ಟ್ ಅಟ್ಯಾಕ್‌ಗೆ ಇದೇ ಕಾರಣ ಇದ್ದಿರಬಹುದು, ಅದು ನಿಮಗೂ ಬಂದಿರಬಹುದು. ಎರಡನೆಯದು ಅಪೊ-ಬಿ ಅನ್ನುವ ಪ್ರೋಟೀನು. ನಾಳದ ಗೋಡೆಗೆ ನುಗ್ಗುವ ಪ್ರತಿ ಕೊಬ್ಬಿನ ಕಣಕ್ಕೂ ಒಂದೇ ಒಂದು ಅಪೊ-ಬಿ ಇರುತ್ತದೆ, ಅದನ್ನು ಎಣಿಸಿದರೆ ಕಣಗಳನ್ನೇ ಎಣಿಸಿದ ಹಾಗೆ. ಇವೆರಡೂ ಜಾಸ್ತಿ ಬಂದರೆ ಎಲ್‌ಡಿಎಲ್ ಇಳಿಸುವ ಮಾತ್ರೆಯ ವಿಷಯವನ್ನು ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ, ಮುಂದೂಡಬೇಡಿ. ಮಾತ್ರೆ ಬೇಕೋ ಬೇಡವೋ ಅಂತ ತೀರ್ಮಾನ ಆಗದಿದ್ದರೆ ಹೃದಯದ ನಾಳಗಳಲ್ಲಿ ಎಷ್ಟು ಸುಣ್ಣ ಕೂತಿದೆ ಅಂತ ಅಂಕ ಕೊಡುವ ಕ್ಯಾಲ್ಸಿಯಂ ಸ್ಕ್ಯಾನ್ ಸಹಾಯ ಮಾಡುತ್ತದೆ. ಆದರೆ 42ರಲ್ಲಿ ಸೊನ್ನೆ ಬರೋದು ಸಾಮಾನ್ಯ, ಆ ಸೊನ್ನೆ ನೋಡಿ ಅಪ್ಪನನ್ನು ಮರೆಯಬೇಡಿ.

ಮುಂಜಾವು:

ಡಾಕ್ಟರೇ, ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಎರಡೂ ಟೆಸ್ಟ್‌ಗೆ ಹೇಳಿಬಂದೆ. ಕಿಡ್ನಿಯನ್ನು ಇನ್ನು ಎಷ್ಟು ದಿನಕ್ಕೊಮ್ಮೆ ನೋಡಿಸಲಿ? ಜಿಮ್ ನೋವಿಗೆ ಆಗಾಗ ಐಬುಪ್ರೋಫೆನ್ ತೆಗೆದುಕೊಳ್ಳುತ್ತೇನೆ, ಅದರಿಂದ ಏನಾದರೂ?

ವಾರ್ಡ್‌ರೌಂಡ್ ಉತ್ತರ:

ಐಬುಪ್ರೋಫೆನ್ ಅಪರೂಪಕ್ಕೆ ಒಂದು ಆದರೆ ಸರಿ, ಅಭ್ಯಾಸ ಆಗಬಾರದು. ಕಿಡ್ನಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಡುವ ಪ್ರೋಸ್ಟಾಗ್ಲಾಂಡಿನ್‌ಗಳನ್ನೇ ಅದು ತಡೆಯುತ್ತದೆ. ಬೆವರಿ ನೀರು ಕಡಿಮೆಯಾದ ಮೈಗೆ, ಅಂದರೆ ವ್ಯಾಯಾಮ ಮುಗಿದ ಕೂಡಲೇ, ಅದನ್ನು ಕೊಡೋದು ಎಲ್ಲಕ್ಕಿಂತ ಕೆಟ್ಟ ಹೊತ್ತು. ಬಿಪಿಯನ್ನೂ ಏರಿಸುತ್ತದೆ, ಬಹಳ ಕಾಲ ತಿಂದರೆ ಹೃದಯಕ್ಕೂ ಒಳ್ಳೆಯದಲ್ಲ.

ಕಿಡ್ನಿಯನ್ನು ವರ್ಷಕ್ಕೊಮ್ಮೆ ನೋಡಿದರೆ ಧಾರಾಳ ಆಯಿತು, ಬಿಪಿ ಮತ್ತು ಎಸಿಆರ್ ಜೊತೆಯಲ್ಲೇ. ಒಂದೇ ಲ್ಯಾಬ್, ಒಂದೇ ತರಹದ ತಯಾರಿ. ಹಳೆಯ ರಿಪೋರ್ಟ್‌ಗಳನ್ನು ಎಸೆಯಬೇಡಿ, ಒಂದು ಸಂಖ್ಯೆಗಿಂತ ಅದು ಯಾವ ಕಡೆ ಹೊರಟಿದೆ ಅನ್ನೋದು ಮುಖ್ಯ. 40 ದಾಟಿದ ಮೇಲೆ ಸರಾಸರಿ ವರ್ಷಕ್ಕೆ ಒಂದು ಅಂಕದ ಹತ್ತಿರ ಇಳಿಯೋದು ಸಹಜ. ವರ್ಷಕ್ಕೆ ಐದಕ್ಕಿಂತ ಜಾಸ್ತಿ ಇಳಿಯುತ್ತಲೇ ಹೋದರೆ, ಅಥವಾ ಎಸಿಆರ್ ಎರಡು ಮೂರು ಸಲ 30 ದಾಟಿದರೆ, ಆಗ ಕಿಡ್ನಿ ಡಾಕ್ಟರನ್ನು ನೋಡಿ. ಲೈಪೋಪ್ರೋಟೀನ್-ಎ ರಿಪೋರ್ಟ್ ಬಂದಾಗ ಅದು ಮಿಲಿಗ್ರಾಂನಲ್ಲಿದೆಯೋ ನ್ಯಾನೋಮೋಲ್‌ನಲ್ಲಿದೆಯೋ ನೋಡಿಕೊಂಡು ಇಲ್ಲಿ ಹಾಕಿ. ನ್ಯಾನೋಮೋಲ್ ಆದರೆ ಮಿತಿ 50 ಅಲ್ಲ, 125. ನಿಮ್ಮದು ಜಾಸ್ತಿ ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಒಂದು ಸಲ ನೋಡಿಸಬೇಕಾಗುತ್ತದೆ.